ಶಾರೀರವೂ ಸಾಧನೆಯೂ

ಹಾಡುವ ದನಿಗೆ ನಮ್ಮ ಸಂಗೀತಶಾಸ್ತ್ರ ‘ಶಾರೀರ’ವೆಂಬ ಹೆಸರನ್ನಿತ್ತಿದೆ. ಅಭ್ಯಾಸವಿಲ್ಲದೆಯೂ ರಾಗವನ್ನು ಪ್ರಕಟಿಸಬಲ್ಲ, ಶರೀರದೊಡನೆಯೇ ಹುಟ್ಟಿದ ಧ್ವನಿಶಕ್ತಿಯೇ ಶಾರೀರವೆಂದು 13ನೆಯ ಶತಮಾನದ ಶಾರ್ಙ್ಗದೇವ ‘ಸಂಗೀತರತ್ನಾಕರ’ದಲ್ಲಿ ಹೇಳುತ್ತಾನೆ. ಹಾಗಾದರೆ ಹುಟ್ಟಿನಿಂದ ಬಾರದ ಕಂಠ ಎಂದೂ ದಕ್ಕದೆಂದು ಕೈಚೆಲ್ಲಬೇಕೆ? ಅದೇ ಗ್ರಂಥಕಾರ ಗಾಯಕರ 25 ದೋಷಗಳನ್ನೂ ಎಣಿಸಿದ್ದಾನೆ. ಹಲ್ಲು ಕಚ್ಚಿ ಹಾಡುವವನು, ಕಿರುಚುವವನು, ಅಂಜುತ್ತ ಹಾಡುವವನು, ಹಣೆ ಕೊರಳುಗಳ ನರ ಉಬ್ಬಿಸುವವನು ಎಲ್ಲರೂ ಆ ಪಟ್ಟಿಯಲ್ಲಿದ್ದಾರೆ. ಇವು ರೂಢಿಯಿಂದ ಅಂಟಿದ ದೋಷಗಳು, ರೂಢಿಯಿಂದಲೇ ಬಿಡತಕ್ಕವು. ಕಂಠಸಾಧನೆ ಮೊದಲಾಗುವುದು ಈ ಬಿಗಿಯನ್ನು ಸಡಿಲಿಸುವುದರಿಂದ.

ಗಂಟಲಿನ ಧ್ವನಿಪೆಟ್ಟಿಗೆಯಲ್ಲಿರುವ ಎರಡು ಪುಟ್ಟ ಮಡಿಕೆಗಳನ್ನು ಮೇಲೇರುವ ಉಸಿರು ಸೆಕೆಂಡಿಗೆ ನೂರಾರು ಸಲ ಕಂಪಿಸುತ್ತದೆ. ತಾರಷಡ್ಜದಲ್ಲಿ ಈ ಕಂಪನ ಮಧ್ಯಷಡ್ಜದ ಇಮ್ಮಡಿ. ಇಂಥ ನವುರಾದ ಅಂಗವನ್ನು ಕೊರಳ ಸ್ನಾಯುಗಳಿಂದ ಹಿಂಡಿದರೆ ದನಿ ಕಟ್ಟುತ್ತದೆ. ಹೊಟ್ಟೆ ಪಕ್ಕೆಗಳ ಆಸರೆಯಲ್ಲಿ ಉಸಿರನ್ನು ಹದವಾಗಿ ಬಿಟ್ಟರೆ ತೆರೆದುಕೊಳ್ಳುತ್ತದೆ.

ಹಿರಿಯರ ಸಾಧನಾಕ್ರಮ ಈ ತತ್ತ್ವಕ್ಕೆ ಒಪ್ಪುವಂಥದು. ಹಿಂದೂಸ್ತಾನಿ ಗಾಯಕರು ನಸುಕಿನಲ್ಲಿ ಖರಜಸಾಧನೆಗೆ ಕೂರುತ್ತಾರೆ. ತಂಬೂರಿಯ ಶ್ರುತಿಯಲ್ಲಿ ಮಂದ್ರದ ಒಂದೊಂದೇ ಸ್ವರವನ್ನು ಅಕಾರದಲ್ಲಿ ನೀಳವಾಗಿ ನಿಲ್ಲಿಸುವುದೇ ಅದರ ಬಗೆ. ಕರ್ನಾಟಕ ಪದ್ಧತಿಯಲ್ಲಿ, ಪುರಂದರದಾಸರು ಹಾಕಿಕೊಟ್ಟರೆಂದು ಪರಂಪರೆ ನಂಬುವ ಮಾಯಾಮಾಳವಗೌಳದ ವರಸೆಗಳಿವೆ. ಸರಳೆಯನ್ನು ಮೂರು ಕಾಲಗಳಲ್ಲಿ ಹಾಡುವಾಗ ಉಸಿರಿನ ಹಂಚಿಕೆ ಕೈವಶವಾಗುತ್ತದೆ. ಜಂಟಿಯಲ್ಲಿ ಎರಡನೆಯ ಸ್ವರಕ್ಕೆ ಬೀಳುವ ಒತ್ತು ಗಂಟಲ ಜಗ್ಗಾಟವಿಲ್ಲದೆ ಉಸಿರಿನಿಂದಲೇ ಬರಬೇಕು. ಅವನ್ನೇ ಅಕಾರ, ಇಕಾರ, ಉಕಾರಗಳಲ್ಲೂ ಹಾಡಿದರೆ ಬಾಯಿ, ನಾಲಗೆ, ದವಡೆಗಳು ಹದಗೊಳ್ಳುತ್ತವೆ.

ಆದರೆ ಶ್ರುತಿಯೇ ತಪ್ಪಿದರೆ ಸಾಧನೆಯೇ ಕೇಡು. ಒಂದು ಮನೆಯ ಶ್ರುತಿಯ ಗುರುವಿನೆದುರು ಐದು ಮನೆಯ ಕಂಠದ ಬಾಲಕಿ ತನ್ನದಲ್ಲದ ಎಡೆಯಲ್ಲಿ ಹಾಡುತ್ತಾಳೆ. ದನಿಯೊಡೆಯುವ ವಯಸ್ಸಿನ ಹುಡುಗ ಹಳೆಯ ಶ್ರುತಿಗೇರಲು ಸೆಣಸುತ್ತಾನೆ. ಎಳೆಯ ಕಂಠಗಳು ಹೀಗೆ ನಲುಗುತ್ತವೆ. ಶಾರೀರವಿಲ್ಲವೆಂಬ ಹಣೆಪಟ್ಟಿ ಮಾತ್ರ ಉಳಿಯುತ್ತದೆ. ಶಿಷ್ಯನಿಗೆ ಅವನ ಶ್ರುತಿಯನ್ನು ಹುಡುಕಿಕೊಡುವುದೇ ಗುರುವಿನ ಮೊದಲ ಪಾಠವಾಗಬೇಕು. ನೋವಾದರೆ ನಿಲ್ಲಿಸಬೇಕು, ಗೊಗ್ಗರುದನಿ ಮೂರು ವಾರವಾದರೂ ಹೋಗದಿದ್ದರೆ ವೈದ್ಯರಿಗೆ ತೋರಿಸಬೇಕು.

ಗಂಗೂಬಾಯಿ ಹಾನಗಲ್ (1913–2009) ಅವರ ತೆಳುದನಿ ಗಂಟಲಿನ ಶಸ್ತ್ರಚಿಕಿತ್ಸೆಯ ಬಳಿಕ ಗಂಡುದನಿಯೆನಿಸುವಷ್ಟು ಗಡುಸಾಯಿತು. ಆ ದನಿಯಲ್ಲೇ ಅವರು ಕಿರಾಣಾ ಘರಾಣೆಯ ಖ್ಯಾಲನ್ನು ಸ್ವರ ಸ್ವರವಾಗಿ ಕಟ್ಟಿದರು. ನಾಡು ಅದಕ್ಕೆ ತಲೆದೂಗಿತು. ಹುಟ್ಟು ಕೊಟ್ಟದ್ದನ್ನೂ ಬಾಳು ಬದಲಿಸಿದ್ದನ್ನೂ ಒಪ್ಪಿಕೊಂಡು ಸಾಧಿಸಿದವರಿಗೆ ಶಾರೀರ ಒಲಿಯುತ್ತದೆ.