ಇಣಚಿಯನ್ನು ಓಡಿಸುವ ಮೊದಲು

(ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹ ರೂಪ)



ಸಾಫ್ಟ್‌ವೇರ್ ಇಂಜಿನಿಯರ್ ಆಗುವುದು ಹೇಗೆ ಎಂದು ಮಕ್ಕಳಿಗೆ ಹೇಳಬೇಕೆಂದು ಮುಖ್ಯ ಗುರುಗಳು ನನಗೆ ಸೂಚಿಸಿದ್ದರು. ಅದನ್ನು ಊಟದ ನಂತರ ಕೇಳಿದವರಿಗೆಲ್ಲ ಕುಳಿತು ಹೇಳುತ್ತೇನೆ. ಬೆಳಿಗ್ಗೆಯಿಂದ ಇಲ್ಲಿ ಮಾತನಾಡಿದ ಹಳೆಯ ವಿದ್ಯಾರ್ಥಿಗಳಲ್ಲಿ ಮೂವರು, ಶಾಲೆಗೆ ತಾವು ಕೊಟ್ಟದ್ದು ಬರೀ ಅಳಿಲು ಸೇವೆ ಎಂದರು. ಸೇತುವೆ ಕಟ್ಟುವಾಗ ಮರಳು ಹೊತ್ತು ತಂದ ಅಳಿಲಿನ ಬೆನ್ನು ಸವರಿ ಶ್ರೀರಾಮ ಮೂರು ಪಟ್ಟೆ ಮೂಡಿಸಿದ ಎಂಬ ಕಥೆ ನಮಗೆಲ್ಲ ಗೊತ್ತು. ಸಭೆಯಲ್ಲಿ ಅಳಿಲಿಗೆ ಇಷ್ಟು ಗೌರವ ಕೊಡುವ ನಾವು, ಅದೇ ಅಳಿಲು ನಮ್ಮ ಮನೆಯ ಮಾಳಿಗೆಯಲ್ಲಿ ಸಂಸಾರ ಹೂಡಿದಾಗ ಏನು ಮಾಡುತ್ತೇವೆ? ನಾನು ಏನು ಮಾಡಿದೆ ಎಂಬುದನ್ನು ಇಂದು ಹೇಳುತ್ತೇನೆ. ಅಳಿಲು ಎಂದರೆ ನಮ್ಮ ಕಡೆಯ ಇಣಚಿ.

ನಮ್ಮ ಮನೆಯ ಹಿಂದೆ ಎಮ್ಮೆ ಕಟ್ಟುವ ತಗಡಿನ ಕೊಟ್ಟಿಗೆ ಇದೆ. ಕಣಕಿ, ಹಳೆಯ ಗೋಣಿಚೀಲ, ತೊಗರಿ ಮೂಟೆ, ಬೋರ್‌ವೆಲ್ ಮೋಟಾರಿನ ಸ್ಟಾರ್ಟರ್ ಎಲ್ಲ ಅದರಲ್ಲೇ. ಕೆಲವು ವರ್ಷಗಳ ಹಿಂದೆ, ಬೇಸಿಗೆ ಶುರುವಾಗುವಾಗ, ಅಪ್ಪ ಎಮ್ಮೆಗೆ ನೀರು ಕುಡಿಸಿ ಒದ್ದೆ ಕೈಯಲ್ಲಿ ಕೊಟ್ಟಿಗೆಯ ಕಬ್ಬಿಣದ ಕಂಬ ಹಿಡಿದ. ಕರೆಂಟು ಅವನನ್ನು ಎತ್ತಿ ಆಚೆ ಎಸೆಯಿತು. ಎಸೆದದ್ದರಿಂದಲೇ ಉಳಿದ. ಲೈನ್‌ಮನ್ ಬಂದು ನೋಡಿದಾಗ, ಸೂರಿನ ಬಳಿ ವೈರಿನ ಮೇಲಿನ ಪ್ಲಾಸ್ಟಿಕ್ಕನ್ನು ಇಣಚಿ ಕಡಿದು, ಬರಿಯ ತಾಮ್ರ ತಗಡಿಗೆ ತಾಗುತ್ತಿತ್ತು.

ನಾನು ಬೆಂಗಳೂರಿನಿಂದ ಹೊರಟು, ಹುಮನಾಬಾದಿನಲ್ಲಿ ರೈಲಿಳಿದು, ಬಸ್ಸು ಹಿಡಿದು ಊರಿಗೆ ಬಂದೆ. ಯುಗಾದಿಗೆ ನಾಲ್ಕು ದಿನ ಇತ್ತು. ವೈರ್ ಬದಲಿಸಿದೆ. ಗೋಡೆಗೂ ತಗಡಿಗೂ ನಡುವೆ ಇಣಚಿ ಓಡಾಡುವ ಎರಡು ಕಿಂಡಿ ಕಂಡವು. ಒಂದು ತಾಸಿನಲ್ಲಿ ಸಿಮೆಂಟು ಕಲಸಿ ಎರಡನ್ನೂ ಮುಚ್ಚಿದೆ. ಫೋಟೋ ತೆಗೆದು ಮನೆಯವರ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದೆ. ಎಲ್ಲರೂ ಹೆಬ್ಬೆರಳು ತೋರಿಸಿದರು. ಹಬ್ಬ ಮುಗಿಯುವ ತನಕವೂ ನಿಲ್ಲದೆ ಕೆಲಸಕ್ಕೆ ಮರಳಿದೆ.

ಮರುದಿನ ಅವ್ವ ಫೋನ್ ಮಾಡಿದಳು. "ಅಲ್ಲೋ ತಮ್ಮಾ, ಆ ಇಣಚಿ ಮುಂಜಾನಿಂದ ತಗಡಿನ ಮ್ಯಾಲೆ ಓಡ್ಯಾಡಿ ಒದರ್ಲತ್ತದ. ಒಳಗ ಮರಿ ಅವ ಕಾಣ್ತದ."

"ಎರಡು ದಿನ ಒದರಿ ತಾನೇ ಹೋಗ್ತದ ಬಿಡು ಅವ್ವಾ. ನಾ ಮೀಟಿಂಗಿನ್ಯಾಗ ಇದೀನಿ" ಎಂದೆ.

ಐದನೆಯ ದಿನ ವಾಸನೆ ಬಂತಂತೆ. ಅಪ್ಪ ನಿಚ್ಚಣಿಕೆ ಹಚ್ಚಿ ಗೋಣಿಚೀಲ ಇಳಿಸಿದ. ಮೂರು ಮರಿ. ಕಣ್ಣು ಕೂಡ ಬಿಟ್ಟಿರಲಿಲ್ಲ. ಅವ್ವ ಅವನ್ನು ಬೇವಿನ ಗಿಡದ ಬುಡದಲ್ಲಿ ಮಣ್ಣು ಮಾಡಿದಳು. ನನಗೆ ಇದನ್ನು ಯಾರೂ ಹೇಳಲಿಲ್ಲ. ಮುಂದಿನ ಸಲ ಊರಿಗೆ ಹೋದಾಗ ಕಿಂಡಿ ಒಡೆದದ್ದು ನೋಡಿ ನಾನೇ ಕೇಳಿದೆ. ನಾನು ಹಚ್ಚಿದ ಸಿಮೆಂಟಿನ ಪಕ್ಕದಲ್ಲೇ ಕಟ್ಟಿಗೆಯ ತೊಲೆಯನ್ನು ಆ ತಾಯಿ ಇಣಚಿ ಎರಡು ಬೆರಳಿನಷ್ಟು ಆಳ ಕೊರೆದಿತ್ತು. ಇನ್ನೊಂದು ದಿನ ಸಿಕ್ಕಿದ್ದರೆ ಒಳಗೆ ಹೋಗುತ್ತಿತ್ತೋ ಏನೋ.

ಅವ್ವ ಬೈಯಲಿಲ್ಲ. "ಕೆಲಸ ಛಲೋ ಮಾಡಿದಿ. ನೋಡಿ ಮಾಡ್ಲಿಲ್ಲ" ಎಂದಳು ಅಷ್ಟೆ.

ನನ್ನ ವೃತ್ತಿಯಲ್ಲಿ ದೋಷ ಹುಡುಕುವುದೇ ಅರ್ಧ ಕೆಲಸ. ಒಳಗೆ ಏನು ನಡೆಯುತ್ತಿದೆ ಎಂದು ನೋಡದೆ ಯಾವುದನ್ನೂ ನಿಲ್ಲಿಸಬಾರದು ಎಂದು ಹೊಸ ಹುಡುಗರಿಗೆ ದಿನಾ ಹೇಳುವವನು ನಾನು. ಸ್ವಂತ ಕೊಟ್ಟಿಗೆಯಲ್ಲಿ ಅದನ್ನೇ ಮರೆತಿದ್ದೆ. ಆಮೇಲೆ ಓದಿದೆ, ತಿಳಿದವರನ್ನು ಕೇಳಿದೆ, ನಮ್ಮ ಕೊಟ್ಟಿಗೆಯಲ್ಲೇ ಮಾಡಿ ನೋಡಿದೆ. ಕಲಿತದ್ದನ್ನು ನಿಮ್ಮ ಮುಂದೆ ಇಡುತ್ತೇನೆ.

ಮೊದಲು, ಬಂದಿರುವವರು ಯಾರು ಎಂದು ತಿಳಿಯಿರಿ. ಅಟ್ಟದಲ್ಲಿ ಹಗಲು ಸದ್ದಾದರೆ ಇಣಚಿ, ರಾತ್ರಿ ಸದ್ದಾದರೆ ಬಹುಶಃ ಇಲಿ. ಇಣಚಿ ಕತ್ತಲಾದ ಮೇಲೆ ಓಡಾಡುವ ಪ್ರಾಣಿಯಲ್ಲ.

ಎರಡನೆಯದು, ವಿಷ ಇಡಬೇಡಿ. ಅಂಗಡಿಯಲ್ಲಿ ಸಿಗುವ ಹಳದಿ ರಂಜಕದ ಇಲಿ ಪೇಸ್ಟ್ ಮನುಷ್ಯನ ಯಕೃತ್ತನ್ನು ಹಾಳು ಮಾಡುತ್ತದೆ. ಅದಕ್ಕೆ ಪ್ರತಿವಿಷ ಇಲ್ಲ. ಜಿಂಕ್ ಫಾಸ್ಫೈಡಿಗೂ ಇಲ್ಲ. ಕೂಸುಗಳು ಅಂಬೆಗಾಲಿಡುವ ಮನೆಯಲ್ಲಿ, ದನ ಕಟ್ಟುವ ಕೊಟ್ಟಿಗೆಯಲ್ಲಿ ಅದು ಇರಲೇಬಾರದು. ಕಾನೂನಿನ ಮಾತೂ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇಲಿ, ಕಾಗೆಗಳನ್ನು ಉಪದ್ರವಿ ಪ್ರಾಣಿಗಳ ಪಟ್ಟಿಗೆ ಹಾಕಿತ್ತು. ಇಣಚಿಯನ್ನು ಆ ಸಾಲಿನಲ್ಲಿ ಸೇರಿಸಿರಲಿಲ್ಲ.

ಮೂರನೆಯದು, ಬೋನಿನಲ್ಲಿ ಹಿಡಿದು ದೂರದ ಹೊಲದಲ್ಲಿ ಬಿಟ್ಟು ಬಂದರೆ ಪುಣ್ಯ ಎಂದುಕೊಳ್ಳಬೇಡಿ. ಹಿಡಿದದ್ದು ತಾಯಿಯಾದರೆ ಮರಿಗಳು ಇಲ್ಲೇ ಉಳಿಯುತ್ತವೆ. ಕಿಂಡಿ ತೆರೆದೇ ಇದ್ದರೆ ಇನ್ನೊಂದು ಇಣಚಿ ಬಂದು ಸೇರುತ್ತದೆ.

ನಾಲ್ಕನೆಯದು ಮುಖ್ಯ. ಒಳಗೆ ಮರಿ ಇವೆಯೇ ನೋಡಿ. ಇಣಚಿ ಸುಮಾರು 6 ವಾರ ಗರ್ಭ ಧರಿಸಿ, ಸಾಮಾನ್ಯವಾಗಿ 2ರಿಂದ 4 ಮರಿ ಹಾಕುತ್ತದೆ. ಹುಟ್ಟಿದಾಗ ಮೈಮೇಲೆ ಕೂದಲಿಲ್ಲ, ಕಣ್ಣು ತೆರೆದಿಲ್ಲ. ಕಣ್ಣು ಬಿಡಲು ಸುಮಾರು 3 ವಾರ ಬೇಕು. ತಾಯಿ ಬಾಯಲ್ಲಿ ಹತ್ತಿ, ನಾರು, ಚಿಂದಿ ಬಟ್ಟೆ ಕಚ್ಚಿಕೊಂಡು ಹೋಗುವುದು ಕಂಡರೆ ಗೂಡು ಕಟ್ಟುತ್ತಿದೆ ಎಂದು ಅರ್ಥ. ಮರಿ ಇದ್ದರೆ ಎರಡು ತಿಂಗಳು ಕಾಯಿರಿ. ಅಷ್ಟರಲ್ಲಿ ಅವು ತಾವೇ ಓಡಾಡುತ್ತವೆ. ಕಾಯಲು ಆಗದಂಥ ಅಪಾಯವಿದ್ದರೆ ಮೇನ್ ಸ್ವಿಚ್ ಆಫ್ ಮಾಡಿ ಆ ಭಾಗದ ವೈರ್ ಬಿಡಿಸಿಸಿ. ಕಿಂಡಿ ಮಾತ್ರ ಮುಚ್ಚಬೇಡಿ. ಹಗಲು ಅಲ್ಲಿ ದೀಪ ಹಚ್ಚಿಟ್ಟು, ರೇಡಿಯೋ ಹಾಕಿಟ್ಟರೆ ಕೆಲವು ಸಲ ತಾಯಿಯೇ ಮರಿಗಳನ್ನು ಒಂದೊಂದಾಗಿ ಬಾಯಲ್ಲಿ ಕಚ್ಚಿ ಬೇರೆ ಗೂಡಿಗೆ ಸಾಗಿಸುತ್ತದೆ.

ಐದನೆಯದು, ಗೂಡು ಖಾಲಿಯೇ ಎಂದು ಖಾತ್ರಿ ಮಾಡಿಕೊಳ್ಳಿ. ಹಳೆಯ ಪೇಪರನ್ನು ಉಂಡೆ ಮಾಡಿ ಕಿಂಡಿಗೆ ಸಡಿಲಾಗಿ ತುರುಕಿ. ಒಳಗೆ ಹೊರಗೆ ಓಡಾಡುವ ಇಣಚಿ ಅದನ್ನು ತಳ್ಳಿಬಿಡುತ್ತದೆ. ಮೂರು ದಿನ ಬಿಸಿಲಿನ ಹೊತ್ತಿನಲ್ಲೂ ಉಂಡೆ ಅಲ್ಲೇ ಇದ್ದು, ಸದ್ದೂ ಇಲ್ಲದಿದ್ದರೆ, ನಿಚ್ಚಣಿಕೆ ಹತ್ತಿ ಕಣ್ಣಾರೆ ನೋಡಿ. ಆಮೇಲೆ ಮುಚ್ಚಿ.

ಆರನೆಯದು, ಗಟ್ಟಿಯಾಗಿ ಮುಚ್ಚಿ. ಇಣಚಿಯ ಮುಂದಿನ ಹಲ್ಲು ಬದುಕಿರುವ ತನಕ ಬೆಳೆಯುತ್ತಲೇ ಇರುತ್ತದೆ. ಕಡಿದು ಸವೆಸದಿದ್ದರೆ ಅದಕ್ಕೆ ಗತಿಯಿಲ್ಲ. ಬಟ್ಟೆ, ಥರ್ಮಾಕೋಲ್, ಹಲಗೆ ಅದಕ್ಕೆ ಲೆಕ್ಕಕ್ಕಿಲ್ಲ. ಅರ್ಧ ಇಂಚಿನ ಕಬ್ಬಿಣದ ಜಾಲರಿ ಬಡಿದು, ಮೇಲೆ ಸಿಮೆಂಟು ಹಚ್ಚಬೇಕು. ತಗಡಿನ ಅಲೆಗಳ ಕೆಳಗಿನ ಸಂದಿಗಳನ್ನು ಮರೆಯಬೇಡಿ. ಸೂರಿಗೆ ತಾಗುವ ಬೇವಿನ ಟೊಂಗೆಯನ್ನು ಏಳೆಂಟು ಅಡಿ ಹಿಂದಕ್ಕೆ ಸವರಿ. ವೈರನ್ನು ಕಬ್ಬಿಣದ ಪೈಪಿನೊಳಗೆ ಎಳೆಸಿ. ಮನೆಯ ಮೇನ್ ಬೋರ್ಡಿಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸಿ. ಕರೆಂಟು ಸೋರಿದ ಕೂಡಲೇ ಅದು ಲೈನ್ ಕಡಿಯುತ್ತದೆ. ಅದು ನಮ್ಮಲ್ಲಿ ಇದ್ದಿದ್ದರೆ ಅಪ್ಪ ಅಂದು ಬೀಳುತ್ತಿರಲಿಲ್ಲ. ಕಾಳುಕಡಿ ಮುಚ್ಚಳವಿರುವ ತಗಡಿನ ಡಬ್ಬದಲ್ಲಿರಲಿ. ನಮ್ಮ ಅಜ್ಜಂದಿರು ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ಇಡುತ್ತಿದ್ದರು. ಇಣಚಿಗೆ ಅಲ್ಲಿ ದಾರಿಯೇ ಇರಲಿಲ್ಲ.

ಹೀಗೆ ಮಾಡಿದರೆ ಇಣಚಿ ಊರು ಬಿಟ್ಟು ಹೋಗುತ್ತದೆಯೇ? ಇಲ್ಲ. ಅದು ಮನುಷ್ಯರಿರುವಲ್ಲಿ ಬಾಳುವುದನ್ನು ಕಲಿತ ಪ್ರಾಣಿ. ಭಾರತದ ಐದು ಪಟ್ಟೆಯ ಇಣಚಿಯನ್ನು 1898ರಲ್ಲಿ ಆಸ್ಟ್ರೇಲಿಯಾದ ಪರ್ತ್ ನಗರದ ಮೃಗಾಲಯಕ್ಕೆ ಒಯ್ದರು. ಅಷ್ಟು ದೂರದ ಊರಲ್ಲೂ ಅದು ಮೃಗಾಲಯದ ಆಚೆಗೆ ಹಬ್ಬಿ ನೆಲೆ ನಿಂತಿತು. ಬೇವಿನ ಗಿಡ ಅದಕ್ಕಿರಲಿ, ಸ್ಟಾರ್ಟರ್ ಇರುವ ಕೊಟ್ಟಿಗೆ ನಮಗಿರಲಿ. ನಾವು ಸಾಧಿಸಬೇಕಾದದ್ದು ಇಷ್ಟೇ.

ಕೊನೆಯದಾಗಿ ನಮ್ಮ ಶಾಲೆಯ ಮಾತು. ಮಹೋತ್ಸವದ ತಯಾರಿ ನಡೆದಿದ್ದಾಗ ಕಂಪ್ಯೂಟರ್ ಕೋಣೆಯ ಸೂರಿನಲ್ಲಿ ಇಣಚಿ ಸೇರಿ ಕೇಬಲ್ ಕಡಿದಿದೆ ಎಂದು ಮುಖ್ಯ ಗುರುಗಳು ಫೋನ್ ಮಾಡಿದರು. ಬಣ್ಣ ಬಳಿಯುವವರು ಬರುವ ಮೊದಲೇ ವಿಷ ಇಟ್ಟು ಮುಗಿಸೋಣ ಎಂದು ಯಾರೋ ಹೇಳಿದ್ದರಂತೆ. ನಾನು ಎರಡು ತಿಂಗಳು ಸಮಯ ಕೇಳಿದೆ. ಗುರುಗಳು ಕೊಟ್ಟರು. ಆ ಕೋಣೆಗೆ ಬಣ್ಣ ಕೊನೆಗೆ ಬಳಿಯುವುದೆಂದಾಯಿತು. ಒಂಬತ್ತನೆಯ ತರಗತಿಯ ಇಬ್ಬರು ಹೆಣ್ಣುಮಕ್ಕಳು ದಿನಾ ಪ್ರಾರ್ಥನೆಗೆ ಮೊದಲು, ಊಟದ ಬಿಡುವಿನಲ್ಲಿ, ಸಂಜೆ ಗಂಟೆ ಹೊಡೆದ ಮೇಲೆ, ಹೀಗೆ ಮೂರು ಹೊತ್ತು ಕಿಂಡಿ ನೋಡಿ ನೋಟ್‌ಬುಕ್ಕಿನಲ್ಲಿ ಬರೆದಿಟ್ಟರು. ತಾಯಿ ಹೋದದ್ದು, ಬಂದದ್ದು, ಒಂದು ದಿನ ಕಿಂಡಿಯಿಂದ ಎರಡು ಪುಟ್ಟ ಮೂತಿ ಇಣುಕಿದ್ದು, ಎಲ್ಲ ಅದರಲ್ಲಿದೆ. ಕೊನೆಯ ಪುಟದಲ್ಲಿ "ಇವತ್ತೂ ಯಾರೂ ಇಲ್ಲ. ಪೇಪರ್ ಹಾಗೇ ಇದೆ" ಎಂದಿದೆ. ಆ ಭಾನುವಾರ ನಾವು ನಾಲ್ಕು ಜನ ಹಳೆಯ ವಿದ್ಯಾರ್ಥಿಗಳು ಸೇರಿ ಜಾಲರಿ ಬಡಿದು ಮುಚ್ಚಿದೆವು. ಜಾಲರಿ, ಸಿಮೆಂಟು, ಪೈಪು ಎಲ್ಲ ಸೇರಿ 2,000 ರೂಪಾಯಿ ದಾಟಲಿಲ್ಲ.

ಆ ನೋಟ್‌ಬುಕ್ ವಿಜ್ಞಾನ ಪ್ರದರ್ಶನದ ಮೇಜಿನ ಮೇಲೆ ಇದೆ. ದಯವಿಟ್ಟು ಎಲ್ಲರೂ ಓದಿ. ಅದನ್ನು ಬರೆದ ಹುಡುಗಿಯರು ಇಲ್ಲೇ ಮುಂದಿನ ಸಾಲಿನಲ್ಲಿ ಕುಳಿತಿದ್ದಾರೆ. ನನಗೆ ಬಿಇ ಮುಗಿಸಿ ಎಷ್ಟೋ ವರ್ಷದ ಮೇಲೆ ತಿಳಿದದ್ದನ್ನು ಅವರು ಒಂಬತ್ತನೆಯ ತರಗತಿಯಲ್ಲೇ ಮಾಡಿ ತೋರಿಸಿದ್ದಾರೆ. ಅವರಿಗೆ ಒಂದು ಚಪ್ಪಾಳೆ ಇರಲಿ.