ರೇಡಿಯೊ ಓರೆಯಾಗಿ ಕೂರುತ್ತಿದ್ದುದೇಕೆ?

ಟ್ರಾನ್ಸಿಸ್ಟರ್ ರೇಡಿಯೊ ಇದ್ದ ಮನೆಗಳಲ್ಲಿ ಅದಕ್ಕೊಂದು ಗೊತ್ತಾದ ಜಾಗವಿರುತ್ತಿತ್ತು. ಗೋಡೆಯ ಗೂಡಿನಲ್ಲೋ ಕಿಟಕಿಯ ಪಕ್ಕದ ಹಲಗೆಯ ಮೇಲೋ ಅದು ಸ್ವಲ್ಪ ಓರೆಯಾಗಿ ಕೂತಿರುತ್ತಿತ್ತು. ಧೂಳು ಒರೆಸಲು ಹೋದವರು ಅದನ್ನು ನೆಟ್ಟಗಿಟ್ಟರೆ ಬೈಗುಳ ಖಚಿತ. ಪ್ರದೇಶ ಸಮಾಚಾರದ ಹೊತ್ತಿಗೆ ಮಾತು ಕುಗ್ಗಿ ಗೊರಗೊರ ಸದ್ದೇ ಮೇಲಾಗುತ್ತಿತ್ತು. ಕ್ರಿಕೆಟ್ ವೀಕ್ಷಕ ವಿವರಣೆ ಕೇಳುತ್ತ ಪೆಟ್ಟಿಗೆಯನ್ನು ಮೆಲ್ಲಗೆ ಆಚೀಚೆ ತಿರುಗಿಸುತ್ತಿದ್ದವರಿಗೂ ಈ ಮರ್ಮ ಕೈಗೆ ಗೊತ್ತಿತ್ತು, ಬಾಯಿಗೆ ಗೊತ್ತಿರಲಿಲ್ಲ. ಕಾರಣ ಇರುವುದು ಪೆಟ್ಟಿಗೆಯೊಳಗಿನ ಒಂದು ಕರಿಯ ಕಡ್ಡಿಯಲ್ಲಿ.

ಕಡ್ಡಿಗಿಂತ ಮೊದಲು ತಂತಿಯ ಕಾಲವಿತ್ತು. 1935ರಲ್ಲಿ ಮೈಸೂರಿನಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿ ಅವರು ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಆರಂಭಿಸಿದಾಗ ಪ್ರೇಷಕದ ಶಕ್ತಿ ಕೇವಲ 30 ವಾಟ್. ಒಂದು ಸಣ್ಣ ವಿದ್ಯುತ್ ಬಲ್ಬಿನಷ್ಟು! ಅಂಥ ಕ್ಷೀಣ ಅಲೆಯನ್ನು ಹಿಡಿಯಲು ಕೇಳುಗರು ಮನೆಯ ಹೊರಗೆ ತಂತಿ ಕಟ್ಟಬೇಕಾಗುತ್ತಿತ್ತು. ವಾಲ್ವ್ ರೇಡಿಯೊಗಳ ಬೆನ್ನಿಗೆ ಎರಡು ತೂತುಗಳಿದ್ದವು, ಒಂದು ಏರಿಯಲ್‌ಗೆ, ಇನ್ನೊಂದು ಭೂಸಂಪರ್ಕಕ್ಕೆ. ಎರಡು ಬಿದಿರು ಗಳುಗಳ ನಡುವೆ ಹದಿನೈದು ಇಪ್ಪತ್ತು ಮೀಟರ್ ತಾಮ್ರದ ತಂತಿ ಎಳೆದು, ಬಚ್ಚಲ ನೀರು ಹರಿಯುವ ತೇವದ ನೆಲದಲ್ಲಿ ಕಬ್ಬಿಣದ ಕೊಳವೆ ಹೂತರೆ ಕೆಲಸ ಮುಗಿಯಿತು. ಪಟ್ಟಣದವರು ನಡುಮನೆಯಲ್ಲಿ ತಾಮ್ರದ ಜಾಲರಿಯ ಪಟ್ಟಿ ಕಟ್ಟಿಕೊಳ್ಳುತ್ತಿದ್ದರು.

ಇಷ್ಟುದ್ದದ ತಂತಿಯೂ ನಿಜವಾಗಿ ಗಿಡ್ಡದ್ದೇ. ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸ್ ಅಲೆಯ ಉದ್ದ ಸುಮಾರು 490 ಮೀಟರ್. ಧಾರವಾಡದ 765 ಕಿಲೋಹರ್ಟ್ಸ್‌ನದು 392 ಮೀಟರ್. ಅದರ ಕಾಲುಭಾಗದ ತಂತಿ ಎಳೆಯಲು ಕೂಡ ಒಂದು ತೋಟವೇ ಬೇಕು. ಹಾಗಿರುವಾಗ ಅಂಗೈ ಅಗಲದ ಟ್ರಾನ್ಸಿಸ್ಟರ್ ಒಳಗೆ ಅದನ್ನು ಹಿಡಿಯುವುದು ಹೇಗೆ?

ಉತ್ತರ ಬಂದದ್ದು ಜಪಾನಿನಿಂದ. 1930ರಲ್ಲಿ ಟೋಕಿಯೊದಲ್ಲಿ ಯೊಗೊರೊ ಕಾಟೊ ಮತ್ತು ತಕೆಶಿ ತಕೇಯಿ ಫೆರೈಟ್ ಎಂಬ ವಸ್ತುವನ್ನು ಕಂಡುಹಿಡಿದರು. ಹಾಲೆಂಡಿನ ಫಿಲಿಪ್ಸ್ ಸಂಸ್ಥೆಯಲ್ಲಿ ಸ್ನೂಕ್ ಅದನ್ನು ಇನ್ನಷ್ಟು ಬೆಳೆಸಿದರು. ತುಕ್ಕಿನ ಸೋದರನೆನ್ನಬಹುದಾದ ಕಬ್ಬಿಣದ ಆಕ್ಸೈಡಿಗೆ ಸತು, ನಿಕಲ್ ಅಥವಾ ಮ್ಯಾಂಗನೀಸ್ ಬೆರೆಸಿ, ಮಡಕೆಯಂತೆ ಸುಟ್ಟು ಮಾಡಿದ ಪಿಂಗಾಣಿ ಅದು. ಕಾಂತಬಲವನ್ನು ಸರಾಗವಾಗಿ ಬಿಟ್ಟುಕೊಳ್ಳುತ್ತದೆ, ವಿದ್ಯುತ್ತನ್ನು ಹರಿಯಗೊಡುವುದಿಲ್ಲ. ಕಬ್ಬಿಣದ ಸರಳಿನಲ್ಲಾದರೆ ಸುಳಿಪ್ರವಾಹಗಳೆದ್ದು ಶಕ್ತಿ ವ್ಯರ್ಥವಾಗುತ್ತದೆ. ಫೆರೈಟ್ ಕಡ್ಡಿ ಸುತ್ತಲಿನ ಕಾಂತರೇಖೆಗಳನ್ನು ಸೆಳೆದು ತನ್ನ ಮೇಲೆ ಸುತ್ತಿದ ತಂತಿಗೆ ಒಪ್ಪಿಸುತ್ತದೆ. ಕೈಜಾರಿ ಬಿದ್ದರೆ ಮಾತ್ರ ಬಳಪದಂತೆ ಮುರಿಯುತ್ತದೆ.

ಈ ಕಡ್ಡಿಗೆ ದಿಕ್ಕಿನ ಪರಿವೆಯಿದೆ. ಹಾಸನದ ಒಂದು ಮನೆಯನ್ನು ತೆಗೆದುಕೊಳ್ಳೋಣ. ಅಲ್ಲಿಗೆ ಬೆಂಗಳೂರು ನೇರ ಪೂರ್ವ. ಆ ನಿಲಯ ಚೆನ್ನಾಗಿ ಕೇಳಬೇಕಾದರೆ ಕಡ್ಡಿ ದಕ್ಷಿಣೋತ್ತರವಾಗಿ, ಅಂದರೆ ನಿಲಯಕ್ಕೆ ಅಡ್ಡಲಾಗಿ ಮಲಗಿರಬೇಕು. ಕಡ್ಡಿಯ ತುದಿ ಬೆಂಗಳೂರಿನತ್ತ ತಿರುಗಿದರೆ ದನಿ ಹೆಚ್ಚುಕಡಿಮೆ ಕಾಣೆ. ಧಾರವಾಡ ಅದೇ ಮನೆಗೆ ವಾಯವ್ಯಕ್ಕಿಂತಲೂ ಉತ್ತರಕ್ಕೆ ವಾಲಿದೆ. ಹೀಗಾಗಿ ನಿಲಯ ಬದಲಿಸಿದಾಗ ಪೆಟ್ಟಿಗೆಯನ್ನೂ ತಿರುಗಿಸಬೇಕಾಗುತ್ತಿತ್ತು. ಕಡ್ಡಿ ಸಾಮಾನ್ಯವಾಗಿ ರೇಡಿಯೊದ ಉದ್ದಕ್ಕೆ ಇರುವುದರಿಂದ ರೇಡಿಯೊವನ್ನು ಎತ್ತಿ ಲಂಬವಾಗಿ ನಿಲ್ಲಿಸಿದರೆ ಯಾವ ನಿಲಯವೂ ಸರಿಯಾಗಿ ಬರುವುದಿಲ್ಲ. ಮಧ್ಯಮ ತರಂಗಕ್ಕೆಂದು ಹೊರಗಿನ ಉದ್ದ ಕಡ್ಡಿಯನ್ನು ಎಳೆಯುವವರು ಬಹಳ. ಅದು ಕಿರುತರಂಗ ಮತ್ತು ಎಫ್‌ಎಂಗೆ ಇರುವಂಥದ್ದು. ಇಲ್ಲಿ ಅದರದು ಬರೀ ಅಲಂಕಾರ.

ತಿರುಗಿಸುವುದರಲ್ಲೂ ಒಂದು ಸೂಕ್ಷ್ಮವಿದೆ. ದನಿ ಗರಿಷ್ಠವಾಗುವ ದಿಕ್ಕು ಅಗಲವಾದದ್ದು. ಮೂವತ್ತು ಡಿಗ್ರಿ ತಪ್ಪಿದರೂ ನಷ್ಟ ಅಲ್ಪ. ದನಿ ಅಳಿಯುವ ದಿಕ್ಕು ಬಲು ಕಿರಿದು, ಚೂರಿಯ ಅಲಗಿನಂತೆ. ಆದ್ದರಿಂದ ನಿಲಯವನ್ನು ಹುಡುಕುವ ಬದಲು ಗದ್ದಲವನ್ನು ಹುಡುಕಿ, ಕಡ್ಡಿಯ ತುದಿಯನ್ನು ಅದರತ್ತ ಮಾಡುವುದು ಜಾಣತನ. ಮಧ್ಯಮ ತರಂಗದಲ್ಲಿ ಕೊರತೆ ಅಲೆಯ ಬಲದ್ದಕ್ಕಿಂತ ಹೆಚ್ಚಾಗಿ ಗದ್ದಲದ್ದು. ಅಗ್ಗದ ಎಲ್‌ಇಡಿ ದೀಪ, ಮೊಬೈಲ್ ಚಾರ್ಜರ್‌ಗಳು ಅದೇ ಅಲೆಗಳಲ್ಲಿ ಕಿರುಚುತ್ತವೆ. ರೇಡಿಯೊ ಕೆಟ್ಟಿದೆಯೆಂದು ರಿಪೇರಿಗೆ ಒಯ್ಯುವ ಮುನ್ನ ಅದನ್ನು ಬ್ಯಾಟರಿಯಲ್ಲಿ ನಡೆಸಿ, ಮನೆಯ ಮೇನ್ ಸ್ವಿಚ್ ಆರಿಸಿ ನೋಡಬೇಕು. ಎಷ್ಟೋ ಸಲ ಅಪರಾಧಿ ಪಕ್ಕದ ಗೋಡೆಯಲ್ಲೇ ಸಿಗುತ್ತಾನೆ. ಉಕ್ಕಿನ ಬೀರುವಿನ ಮೇಲಿಂದಲೂ ರೇಡಿಯೊವನ್ನು ಇಳಿಸಬೇಕು.

ಇಷ್ಟಾದರೂ ದನಿ ಸಾಲದಿದ್ದರೆ ಹೊರಗಿನ ಸಹಾಯ ಬೇಕು. ಎರಡಡಿ ಚದರದ ಮರದ ಚೌಕಟ್ಟಿಗೆ ಹತ್ತು ಹನ್ನೆರಡು ಸುತ್ತು ತಂತಿ ಸುತ್ತಿ, ಹಳೆಯ ರೇಡಿಯೊದ ಗ್ಯಾಂಗ್ ಕಂಡೆನ್ಸರನ್ನು ಎರಡು ತುದಿಗೂ ಸೇರಿಸಿದರೆ ಒಳ್ಳೆಯ ಸುರುಳಿ ಆಂಟೆನಾ ಸಿದ್ಧ. ಚೌಕಟ್ಟಿನ ಅಂಚು ನಿಲಯದತ್ತ ಇರಲಿ, ರೇಡಿಯೊದ ಕಡ್ಡಿ ಚೌಕಟ್ಟಿಗೆ ಅಡ್ಡಲಾಗಿರಲಿ. ಪಕ್ಕದಲ್ಲಿಟ್ಟು ಕಂಡೆನ್ಸರ್ ತಿರುಗಿಸುತ್ತ ಹೋದರೆ ಒಂದು ಕಡೆ ದನಿ ಥಟ್ಟನೆ ಏರುತ್ತದೆ. ರೇಡಿಯೊಗೆ ಯಾವ ತಂತಿಯನ್ನೂ ಜೋಡಿಸಬೇಕಾಗಿಲ್ಲ. ಉದ್ದ ತಂತಿಯೇ ಬೇಕೆನ್ನುವವರು ಅದನ್ನು ಪೆಟ್ಟಿಗೆಗೆ ಮೂರು ನಾಲ್ಕು ಸುತ್ತು ಸುತ್ತಿ ತುದಿಯನ್ನು ನೆಲಕ್ಕಿಳಿಸಬಹುದು. ಆದರೆ ಅದು ನಿಲಯದ ಜೊತೆ ಗದ್ದಲವನ್ನೂ ಹೊತ್ತು ತರುತ್ತದೆ. ವಿದ್ಯುತ್ ಲೈನಿನ ಹತ್ತಿರ ಅದನ್ನು ಕಟ್ಟಲೇಬಾರದು. ಗುಡುಗು ಮಿಂಚಿನ ಮಳೆಗೆ ಮುನ್ನ ಅದನ್ನು ಬಿಚ್ಚಿ ಹೊರಗಿಡುವುದು ಪ್ರಾಣಕ್ಕೆ ಕ್ಷೇಮ.

ಇತ್ತೀಚಿನ ವರ್ಷಗಳಲ್ಲಿ ಆಕಾಶವಾಣಿ ತನ್ನ ಹಲವು ಮಧ್ಯಮ ತರಂಗ ಪ್ರೇಷಕಗಳನ್ನು ನಿಲ್ಲಿಸಿ ಎಫ್‌ಎಂ ಕಡೆ ಹೊರಳಿದೆ. ಎಫ್‌ಎಂ ದನಿ ಸ್ವಚ್ಛ, ಸಂದೇಹವಿಲ್ಲ. ಆದರೆ ಅದು ಬಹುಮಟ್ಟಿಗೆ ಕಣ್ಣೋಟದಂತೆ ನೇರ ಸಾಗುವುದರಿಂದ ಗುಡ್ಡ ಅಡ್ಡ ಬಂದರೆ ತಡೆಯುತ್ತದೆ. ಮಧ್ಯಮ ತರಂಗ ನೆಲವನ್ನು ತಬ್ಬಿಕೊಂಡು ಕಣಿವೆಗೂ ಇಳಿಯುತ್ತದೆ. ಮಲೆನಾಡಿನ ಒಂಟಿ ಮನೆಗಳಲ್ಲಿ ಕೃಷಿರಂಗ ಕೇಳುತ್ತಿದ್ದವರಿಗೆ ಈ ವ್ಯತ್ಯಾಸ ಯಾರೂ ಹೇಳಿಕೊಡಬೇಕಾಗಿಲ್ಲ. ರಾತ್ರಿಯಲ್ಲಂತೂ ಹಗಲು ಅಲೆಗಳನ್ನು ಹೀರುವ ಮೇಲಿನ ವಾತಾವರಣದ ಪದರ ಕರಗಿ, ದೂರದ ನಿಲಯಗಳೂ ಆಕಾಶದಿಂದ ಪ್ರತಿಫಲಿಸಿ ಬರುತ್ತವೆ. ಆಗ ಒಂದೇ ಜಾಗದಲ್ಲಿ ಎರಡು ಭಾಷೆಗಳು ಬೆರೆತು ಕೇಳಿಸಿದರೆ ಪೆಟ್ಟಿಗೆಯನ್ನು ತುಸು ಓರೆ ಮಾಡಿದರಾಯಿತು, ಒಂದು ಹಿಂದೆ ಸರಿದು ಇನ್ನೊಂದು ಮುಂದೆ ಬರುತ್ತದೆ.