ಸಾಕುನಾಯಿಯ ಬೊಜ್ಜು: ಲೆಕ್ಕಕ್ಕೆ ಸಿಗದ ತುತ್ತುಗಳು

ನಿಮ್ಮ ಮನೆಯ ಲ್ಯಾಬ್ರಡಾರ್ ನಾಯಿಯ ಪಕ್ಕೆಯ ಮೇಲೆ ಅಂಗೈಯಾಡಿಸಿ ನೋಡಿ. ಹೆಚ್ಚು ಒತ್ತದೆಯೇ ಪಕ್ಕೆಲುಬುಗಳು ಬೆರಳಿಗೆ ಸಿಗಬೇಕು, ಮೇಲಿನಿಂದ ನೋಡಿದಾಗ ಸೊಂಟ ಕಾಣಬೇಕು. ಇಲ್ಲವಾದರೆ ನೀವು ಹೆಮ್ಮೆಯಿಂದ 'ದಷ್ಟಪುಷ್ಟ' ಎನ್ನುತ್ತಿರುವುದು ಬೊಜ್ಜೇ.

ಊಟ ಹಾಕುವುದು ಎರಡೇ ಹೊತ್ತು ಎನ್ನುತ್ತೀರಿ. ಸರಿ. ಅಜ್ಜನ ಕಾಫಿ ಹೊತ್ತಿನ ಬಿಸ್ಕತ್ತು, ಮಕ್ಕಳ ತಟ್ಟೆಯ ದೋಸೆ ಚೂರು, ರಾತ್ರಿ ಉಳಿದ ತುಪ್ಪದನ್ನ, ಇವುಗಳ ಲೆಕ್ಕ ಇಟ್ಟವರು ಯಾರು? ಒಂದು ವಾರ ಎಲ್ಲವನ್ನೂ ಬರೆದಿಡಿ.

ಪಾಪ, ಸದಾ ಬೇಡುತ್ತದಲ್ಲ ಎಂದಿರಾ? ಲ್ಯಾಬ್ರಡಾರ್‌ಗಳಲ್ಲಿ ಸುಮಾರು ನಾಲ್ಕಕ್ಕೊಂದರಲ್ಲಿ ಹಸಿವನ್ನು ಹತೋಟಿಯಲ್ಲಿಡುವ ಒಂದು ಜೀನ್ ದೋಷಪೂರಿತವಾಗಿರುವುದನ್ನು ಕೇಂಬ್ರಿಡ್ಜ್ ವಿಜ್ಞಾನಿಗಳು 2016ರಲ್ಲಿ ಪ್ರಕಟಿಸಿದರು. ಅಂಥ ನಾಯಿಯ ಹಸಿವು ನಾಟಕವಲ್ಲ. ಆದರೆ ಅದು ಕೇಳಿದ್ದೆಲ್ಲ ಅದರ ದೇಹಕ್ಕೆ ಬೇಕಿಲ್ಲ. ಅಮೆರಿಕದಲ್ಲಿ 48 ಲ್ಯಾಬ್ರಡಾರ್‌ಗಳನ್ನು ಜೀವನಪೂರ್ತಿ ಗಮನಿಸಿದ ಅಧ್ಯಯನವೊಂದು 2002ರಲ್ಲಿ ಹೊರಬಂತು. ಜೊತೆಯ ನಾಯಿಗಿಂತ ಶೇಕಡಾ 25ರಷ್ಟು ಕಡಿಮೆ ತಿಂದವುಗಳ ಮಧ್ಯಕ ಆಯುಸ್ಸು 13 ವರ್ಷ; ಉಳಿದವುಗಳದು 11.2. ಕೀಲುಬೇನೆಯೂ ಅವಕ್ಕೆ ತಡವಾಗಿ ಬಂತು.

ಹಾಗೆಂದು ಉಪವಾಸ ಕೆಡವಬೇಡಿ. ಮೊದಲು ಪಶುವೈದ್ಯರಿಗೆ ತೋರಿಸಿ; ಥೈರಾಯ್ಡ್ ತೊಂದರೆಯೂ ಇದ್ದೀತು. ಅವರು ಹೇಳಿದ ಆಹಾರವನ್ನು ಲೋಟದಲ್ಲಲ್ಲ, ತಕ್ಕಡಿಯಲ್ಲಿ ಅಳೆಯಿರಿ. ವಾರಕ್ಕೆ ತೂಕದ ಶೇಕಡಾ 1ರಿಂದ 2, ಅಂದರೆ 40 ಕಿಲೋ ನಾಯಿ 400ರಿಂದ 800 ಗ್ರಾಂ ಇಳಿದರೆ ಸಾಕು. ನಡಿಗೆ ಬಿಸಿಲೇರುವ ಮೊದಲೇ ಮುಗಿಯಲಿ.

ಅಜ್ಜನ ಕೈಗೆ ಬಿಸ್ಕತ್ತಿನ ಬದಲು ಸೌತೆಕಾಯಿ ಹೋಳು ಕೊಡಿ. ಈರುಳ್ಳಿ, ದ್ರಾಕ್ಷಿ ಮಾತ್ರ ಬೇಡ, ಅವು ನಾಯಿಗೆ ವಿಷ.